ವಾರ್ಡಿನ ರೋಗಿ ಹದಗೆಡುವ ಮುನ್ಸೂಚನೆ

ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿರುವ ರೋಗಿಯ ಸ್ಥಿತಿ ಮುಂದಿನ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಿಗಡಾಯಿಸುವ ಸಂಭವ ಎಷ್ಟೆಂದು ಮೊದಲೇ ಅಳೆಯುವ ವಿಧಾನ. ನಾಡಿ, ಉಸಿರು, ರಕ್ತದೊತ್ತಡದಂಥ ಅಳತೆಗಳಿಗೆ ಅಂಕ ಕೊಟ್ಟು ಕೂಡಿಸುವ ಸರಳ ಪಟ್ಟಿಗಳಿಂದ ಹಿಡಿದು ಆಸ್ಪತ್ರೆಯ ಕಂಪ್ಯೂಟರ್ ದಾಖಲೆಗಳನ್ನು ಗಂಟೆಗೊಮ್ಮೆ ಜಾಲಾಡುವ ಯಂತ್ರಕಲಿಕೆಯ ಮಾದರಿಗಳವರೆಗೆ ಎಲ್ಲವೂ ಇದರಲ್ಲಿ ಸೇರುತ್ತವೆ. ಬಿಗಡಾಯಿಸುವುದು ಎಂದರೆ ಏನೆಂಬುದನ್ನು ಅಧ್ಯಯನಕಾರರು ಬೇರೆ ಬೇರೆಯಾಗಿ ಹೇಳಿದರೂ ಮೂರು ಘಟನೆಗಳು ಹೆಚ್ಚಿನವರ ಪಟ್ಟಿಯಲ್ಲಿರುತ್ತವೆ: ಸಾವು, ಹೃದಯಸ್ತಂಭನ, ಮತ್ತು ಅವಸರದಲ್ಲಿ ಐಸಿಯುಗೆ ಸಾಗಿಸಬೇಕಾಗಿ ಬರುವುದು. ಮೂರನೆಯದು ಸ್ವಲ್ಪ ತೊಡಕಿನದು. ಐಸಿಯುನಲ್ಲಿ ಹಾಸಿಗೆ ಖಾಲಿಯಿದ್ದರೆ ರೋಗಿಯನ್ನು ಬೇಗ ಕಳಿಸುತ್ತಾರೆ, ಇಲ್ಲದಿದ್ದರೆ ವಾರ್ಡಿನಲ್ಲೇ ನೋಡಿಕೊಳ್ಳುತ್ತಾರೆ. ಹೀಗಾಗಿ ಅದು ರೋಗದ ಜೊತೆಗೆ ಆಸ್ಪತ್ರೆಯ ಅನುಕೂಲವನ್ನೂ ಅಳೆದುಬಿಡುತ್ತದೆ.

ಐಸಿಯುನಲ್ಲಿ ಒಬ್ಬ ನರ್ಸಿನ ಪಾಲಿಗೆ ಒಬ್ಬರೋ ಇಬ್ಬರೋ ರೋಗಿಗಳು. ಹಾಸಿಗೆಯ ಪಕ್ಕದ ಮಾನಿಟರ್ ಕ್ಷಣಕ್ಷಣದ ಲೆಕ್ಕ ಇಡುತ್ತದೆ. ವಾರ್ಡಿನಲ್ಲಿ ಹಾಗಿಲ್ಲ. ಮೈಬಿಸಿ, ನಾಡಿ, ಉಸಿರು ದಾಖಲಿಸುವ ಟಿಪಿಆರ್ ಚಾರ್ಟಿನಲ್ಲಿ ನಾಲ್ಕು, ಆರು ಅಥವಾ ಎಂಟು ಗಂಟೆಗೊಂದು ಸಾಲು ಬರೆಯುತ್ತಾರೆ, ವೈದ್ಯರು ರೌಂಡ್ಸಿಗೆ ಬರುವುದು ದಿನಕ್ಕೆ ಒಮ್ಮೆಯೋ ಎರಡು ಬಾರಿಯೋ. ರಾತ್ರಿ ಹತ್ತಕ್ಕೆ ನೋಡಿದ ರೋಗಿಯನ್ನು ಮತ್ತೆ ನೋಡುವಾಗ ಬೆಳಗಿನ ಆರಾಗಿರಬಹುದು. ಈ ನಡುವಣ ಅವಧಿಯಲ್ಲಿ ಏನು ನಡೆಯುತ್ತದೆ, ಅದನ್ನು ಮುಂಚೆಯೇ ಊಹಿಸಬಹುದಿತ್ತೇ ಎಂಬ ಪ್ರಶ್ನೆಯ ಸುತ್ತ ಮೂರೂವರೆ ದಶಕಗಳಿಂದ ಈ ಶಾಸ್ತ್ರ ಬೆಳೆದಿದೆ.

ಮೊದಲೇ ಕಂಡಿದ್ದ ಚಿಹ್ನೆಗಳು

ಆಸ್ಪತ್ರೆಯೊಳಗಿನ ಹೃದಯಸ್ತಂಭನವನ್ನು ಬಹುಕಾಲ ಸಿಡಿಲಿನಂತೆ ಎರಗುವ ಘಟನೆಯೆಂದೇ ನಂಬಿದ್ದರು. ಅಮೆರಿಕದ ಮಯಾಮಿಯಲ್ಲಿ ರೋಲಂಡ್ ಶೈನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ವಾರ್ಡಿನಲ್ಲಿ ಹೃದಯಸ್ತಂಭನಕ್ಕೊಳಗಾದ 64 ರೋಗಿಗಳ ಕೇಸ್ ಶೀಟುಗಳನ್ನು ಅವರು ಹಿಂದಕ್ಕೆ ತಿರುವಿ ಓದಿದಾಗ, 84 ಪ್ರತಿಶತ ರೋಗಿಗಳಲ್ಲಿ ಘಟನೆಗೆ ಮುಂಚಿನ ಎಂಟು ಗಂಟೆಗಳಲ್ಲಿ ಸ್ಥಿತಿ ಕೆಡುತ್ತಿರುವುದು ಅಥವಾ ಹೊಸ ತೊಂದರೆ ಹೇಳಿಕೊಂಡಿರುವುದು ದಾಖಲಾಗಿತ್ತು. ಉಸಿರಾಟ ಏರಿದ್ದು, ರೋಗಿ ಮಂಪರಿಗೆ ಜಾರಿದ್ದು ಕಾಗದದ ಮೇಲೆ ಇದ್ದೇ ಇತ್ತು. 1994ರಲ್ಲಿ ಫ್ರ್ಯಾಂಕ್ಲಿನ್ ಮತ್ತು ಮ್ಯಾಥ್ಯೂ 150 ಘಟನೆಗಳನ್ನು ನೋಡಿ, ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಆರು ಗಂಟೆ ಮುಂಚಿತವಾಗಿ ಇಂಥ ಬರಹ ಸಿಗುತ್ತದೆಂದು ತೋರಿಸಿದರು. ನರ್ಸ್ ಗಮನಿಸಿಯೂ ವೈದ್ಯರಿಗೆ ಹೇಳದಿರುವುದು, ಹೇಳಿದರೂ ವೈದ್ಯರು ಮುಂದಿನ ಹೆಜ್ಜೆ ಇಡದಿರುವುದು, ಎರಡೂ ಅವರ ಕಣ್ಣಿಗೆ ಬಿದ್ದವು.

ಇಂಗ್ಲೆಂಡಿನಲ್ಲಿ 1998ರಲ್ಲಿ ಪೀಟರ್ ಮೆಕ್‌ಕ್ವಿಲನ್ ಅವರ ತಂಡ ಇನ್ನೂ ಕಟುವಾದ ಪ್ರಶ್ನೆ ಕೇಳಿತು. ಐಸಿಯುಗೆ ಬಂದ 100 ರೋಗಿಗಳಿಗೆ ಅದಕ್ಕೆ ಮೊದಲು ವಾರ್ಡಿನಲ್ಲಿ ಸಿಕ್ಕ ಆರೈಕೆ ಹೇಗಿತ್ತು? ಹೊರಗಿನ ಇಬ್ಬರು ತಜ್ಞರು ದಾಖಲೆ ನೋಡಿ ತೀರ್ಪು ಕೊಟ್ಟರು. ಇಬ್ಬರೂ ಚೆನ್ನಾಗಿತ್ತು ಎಂದು ಒಪ್ಪಿದ್ದು 20 ಜನರ ವಿಷಯದಲ್ಲಿ, ಸಾಲದು ಎಂದು ಒಪ್ಪಿದ್ದು 54 ಜನರ ವಿಷಯದಲ್ಲಿ. ಉಳಿದವರ ಬಗ್ಗೆ ಅವರಲ್ಲೇ ಒಮ್ಮತವಿರಲಿಲ್ಲ. ದೊಡ್ಡ ಕಾಯಿಲೆಯ ಅಪರೂಪದ ರಹಸ್ಯಗಳು ಇಲ್ಲಿ ಎಡವಿಸಿರಲಿಲ್ಲ. ಉಸಿರಿನ ದಾರಿ, ಆಮ್ಲಜನಕ, ರಕ್ತ ಸಂಚಾರ, ನಿಗಾ ಇಂಥ ಮೊದಲ ಪಾಠಗಳಲ್ಲೇ ಲೋಪವಾಗಿತ್ತು.

ಚಿಹ್ನೆಗಳು ಮುಂಚೆಯೇ ಕಾಣುವುದಕ್ಕೆ ದೇಹದ ಸ್ವಭಾವವೇ ಕಾರಣ. ನಂಜು ಹರಡಿದಾಗ, ಒಳಗೆ ರಕ್ತ ಸೋರಿದಾಗ, ಶ್ವಾಸಕೋಶದಲ್ಲಿ ನೀರು ಕಟ್ಟಿದಾಗ ಜೀವಕೋಶಗಳಿಗೆ ಆಮ್ಲಜನಕ ಸಾಲದೆ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಅದನ್ನು ಕೂಡಲೇ ಗ್ರಹಿಸಿ ಉಸಿರನ್ನು ಜೋರು ಮಾಡುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಕೈಕಾಲಿನ ರಕ್ತನಾಳಗಳು ಕುಗ್ಗಿ ಮುಖ್ಯ ಅಂಗಗಳಿಗೆ ರಕ್ತ ಒದಗಿಸುತ್ತವೆ. ಈ ಸರಿದೂಗಿಸುವ ಶಕ್ತಿ ಇರುವಷ್ಟು ಹೊತ್ತು ರಕ್ತದೊತ್ತಡ ನೆಟ್ಟಗೇ ಇರುತ್ತದೆ. ಆರೋಗ್ಯವಂತ ಯುವಕನ ದೇಹದಿಂದ ಸುಮಾರು 30 ಪ್ರತಿಶತ ರಕ್ತ ಹೋಗುವವರೆಗೂ ಬಿಪಿ ಇಳಿಯದಿರಬಹುದು. ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲು ಆಮ್ಲಜನಕ ತುಂಬಿದೆಯೆಂದು ತೋರಿಸುವ ಸ್ಯಾಚುರೇಷನ್ನಿನ ಕಥೆಯೂ ಇಂಥದ್ದೇ. ರಕ್ತದಲ್ಲಿನ ಆಮ್ಲಜನಕದ ಒತ್ತಡ ಸಾಕಷ್ಟು ಕುಸಿದರೂ ಹಿಮೋಗ್ಲೋಬಿನ್ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಅಂಕಿ 90ರ ಮೇಲೆಯೇ ನಿಲ್ಲುತ್ತದೆ, ಆಮೇಲೆ ಕಡಿದಾದ ಇಳಿಜಾರು. ಬಿಪಿ ಸರಿಯಿದೆ, ಸ್ಯಾಚುರೇಷನ್ ಸರಿಯಿದೆ ಎಂಬ ಸಮಾಧಾನದ ಮಾತು ಏದುಸಿರು ಬಿಡುತ್ತಿರುವ ರೋಗಿಯ ಪಕ್ಕದಲ್ಲಿ ನಿಂತು ಆಡಬಾರದ ಮಾತು.

ಅಂಕಪಟ್ಟಿಗಳು

ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಕೆನ್ ಹಿಲ್‌ಮನ್ ಮತ್ತು ಸಹೋದ್ಯೋಗಿಗಳು 1990ರ ಸುಮಾರಿಗೆ ಒಂದು ತುರ್ತು ವೈದ್ಯಕೀಯ ತಂಡ ಕಟ್ಟಿದರು. ಹೃದಯ ನಿಂತ ಮೇಲೆ ಓಡಿಬರುವುದು ಆಗ ವಾಡಿಕೆ. ಇವರದು ನಿಲ್ಲುವ ಮುಂಚೆ ಬರುವ ತಂಡ. ಉಸಿರು, ನಾಡಿ, ಬಿಪಿ, ಪ್ರಜ್ಞೆ ಇವುಗಳಲ್ಲಿ ಯಾವುದಾದರೂ ಒಂದು ಗೆರೆ ದಾಟಿದರೆ ಸಾಕು, ವಾರ್ಡಿನ ನರ್ಸ್ ನೇರವಾಗಿ ಕರೆಯಬಹುದಿತ್ತು. ಕಿರಿಯ ವೈದ್ಯ, ಹಿರಿಯ ವೈದ್ಯ, ಆಮೇಲೆ ಕನ್ಸಲ್ಟೆಂಟ್ ಎಂಬ ಮೆಟ್ಟಿಲುಗಳನ್ನು ಹತ್ತಬೇಕಿರಲಿಲ್ಲ. ಯಾವುದೇ ಜೀವಚಿಹ್ನೆ ವಿಪರೀತಕ್ಕೆ ಹೋಗಿಲ್ಲ ಆದರೆ ಎಲ್ಲವೂ ಸ್ವಲ್ಪಸ್ವಲ್ಪ ಕೆಟ್ಟಿವೆ ಎಂಬ ರೋಗಿಗೆ ಈ ಒಂಟಿ ಗೆರೆಯ ಲೆಕ್ಕ ಸಾಲದು. ಆ ಕೊರತೆ ತುಂಬಿದ್ದು ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್ ಬಳಿಯ ಜೇಮ್ಸ್ ಪ್ಯಾಜೆಟ್ ಆಸ್ಪತ್ರೆ. ಅಲ್ಲಿಯ ಮಾರ್ಗನ್, ವಿಲಿಯಮ್ಸ್, ರೈಟ್ 1997ರಲ್ಲಿ ಪ್ರತಿ ಅಳತೆಗೂ 0ಯಿಂದ 3ರವರೆಗೆ ಅಂಕ ಕೊಟ್ಟು ಕೂಡಿಸುವ ಮುನ್ನೆಚ್ಚರಿಕೆ ಅಂಕವನ್ನು ಮುಂದಿಟ್ಟರು. 2001ರಲ್ಲಿ ವೇಲ್ಸ್‌ನ ಕ್ರಿಸ್ಟಿಯನ್ ಸುಬ್ಬೆ ಮತ್ತಿತರರು ಅದರ ಪರಿಷ್ಕೃತ ರೂಪವನ್ನು 709 ಒಳರೋಗಿಗಳಲ್ಲಿ ಪರೀಕ್ಷಿಸಿ, 5 ಅಥವಾ ಹೆಚ್ಚು ಅಂಕ ಬಂದವರಲ್ಲಿ ಸಾವಿನ ಸಂಭವ ಎದ್ದು ಕಾಣುವಷ್ಟು ಹೆಚ್ಚೆಂದು ತೋರಿಸಿದರು. ಮ್ಯೂಸ್ ಎಂದು ಕರೆಯುವ ಈ ಪಟ್ಟಿ ಹಲವು ದೇಶಗಳಿಗೆ ಹರಡಿತು, ಭಾರತದ ಆಸ್ಪತ್ರೆಗಳಿಗೂ ಬಂತು.

ಹರಡಿದ್ದೇ ಒಂದು ತೊಂದರೆಯಾಯಿತು. ಬ್ರಿಟನ್ನಿನ ಒಂದೊಂದು ಆಸ್ಪತ್ರೆಯೂ ತನ್ನದೇ ತಿದ್ದುಪಡಿ ಮಾಡಿಕೊಂಡು ಹತ್ತಾರು ಪಟ್ಟಿಗಳು ಹುಟ್ಟಿದವು. ಒಂದು ಆಸ್ಪತ್ರೆಯ 4 ಇನ್ನೊಂದರ 6 ಆಗಿರುತ್ತಿತ್ತು, ಕೆಲಸ ಬದಲಿಸಿದ ನರ್ಸ್ ಹೊಸದಾಗಿ ಕಲಿಯಬೇಕಿತ್ತು. ಪೋರ್ಟ್ಸ್‌ಮತ್‌ನ ಡೇವಿಡ್ ಪ್ರೈದರ್ಚ್, ಗ್ಯಾರಿ ಸ್ಮಿತ್ ಮತ್ತು ಸಂಗಡಿಗರು ಕೈಯಲ್ಲಿ ಹಿಡಿಯುವ ಕಂಪ್ಯೂಟರಿನಲ್ಲಿ ನರ್ಸುಗಳು ದಾಖಲಿಸಿದ್ದ ಸುಮಾರು ಎರಡು ಲಕ್ಷ ಅಳತೆಗಳ ಗುಚ್ಛದಿಂದ 2010ರಲ್ಲಿ ಒಂದು ಪಟ್ಟಿ ರೂಪಿಸಿದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸ್ವಲ್ಪ ಬದಲಾವಣೆಗಳೊಂದಿಗೆ ಅದನ್ನು 2012ರಲ್ಲಿ ಇಡೀ ದೇಶಕ್ಕೆ ಒಂದೇ ಅಂಕಪಟ್ಟಿಯಾಗಿ ಪ್ರಕಟಿಸಿತು. ಇದೇ ನ್ಯೂಸ್, ಅಂದರೆ ರಾಷ್ಟ್ರೀಯ ಮುನ್ನೆಚ್ಚರಿಕೆ ಅಂಕ. 2017ರ ಡಿಸೆಂಬರಿನಲ್ಲಿ ಬಂದ ಪರಿಷ್ಕರಣೆ ನ್ಯೂಸ್-2.

ನ್ಯೂಸ್-2ರಲ್ಲಿ ಆರು ಅಳತೆಗಳಿವೆ: ಉಸಿರಾಟದ ವೇಗ, ಆಮ್ಲಜನಕದ ಸ್ಯಾಚುರೇಷನ್, ಮೇಲಿನ ರಕ್ತದೊತ್ತಡ, ನಾಡಿ, ಪ್ರಜ್ಞೆ, ಮೈಬಿಸಿ. ಕೃತಕವಾಗಿ ಆಮ್ಲಜನಕ ಕೊಡುತ್ತಿದ್ದರೆ ಅದಕ್ಕೇ ಎರಡು ಅಂಕ. ಒಟ್ಟು ಗರಿಷ್ಠ 20. ನಿಮಿಷಕ್ಕೆ 12ರಿಂದ 20 ಉಸಿರು ಇದ್ದರೆ ಸೊನ್ನೆ, 21ರಿಂದ 24ಕ್ಕೆ ಎರಡು, 25 ಅಥವಾ ಹೆಚ್ಚಿಗೆ ಮೂರು. ಮೇಲಿನ ಬಿಪಿ 90 ಅಥವಾ ಕಡಿಮೆಯಾದರೆ ಮೂರು. ರೋಗಿ ಎಚ್ಚರವಾಗಿಲ್ಲದಿದ್ದರೆ ಅಥವಾ ಹೊಸದಾಗಿ ಗೊಂದಲಕ್ಕೆ ಬಿದ್ದು ಬಡಬಡಿಸುತ್ತಿದ್ದರೆ ಮೂರು. ಈ ಹೊಸ ಗೊಂದಲವನ್ನು ಸೇರಿಸಿದ್ದು 2017ರ ತಿದ್ದುಪಡಿಯ ಒಳ್ಳೆಯ ಕೆಲಸ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿಂದ ಸ್ಯಾಚುರೇಷನ್ 88ರಿಂದ 92ರ ನಡುವೆ ಇರಬೇಕಾದವರಿಗೆ ಬೇರೆಯದೇ ಒಂದು ಅಳತೆಗೋಲನ್ನೂ ಆಗ ಕೊಟ್ಟರು. ಒಟ್ಟು ಅಂಕ ಸೊನ್ನೆಯಾದರೆ ಹನ್ನೆರಡು ಗಂಟೆಗೊಮ್ಮೆ ನೋಡಿದರೂ ನಡೆದೀತು. 1ರಿಂದ 4ಕ್ಕೆ ನಾಲ್ಕರಿಂದ ಆರು ಗಂಟೆಗೊಮ್ಮೆ. 5 ಮುಟ್ಟಿದರೆ ಗಂಟೆಗೊಮ್ಮೆ ನೋಡಬೇಕು, ವೈದ್ಯರು ತುರ್ತಾಗಿ ಬರಬೇಕು. 7 ಆದರೆ ತೀವ್ರ ಆರೈಕೆಯಲ್ಲಿ ನುರಿತ ತಂಡವನ್ನು ಕರೆಯಬೇಕು.

ನ್ಯುಮೋನಿಯಾ ಆಗಿರುವ ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಉಸಿರು 22, ಸ್ಯಾಚುರೇಷನ್ 95, ಬಿಪಿ 108, ನಾಡಿ 104, ಮೈಬಿಸಿ 38.4 ಡಿಗ್ರಿ ಸೆಲ್ಸಿಯಸ್, ಪೂರ್ತಿ ಎಚ್ಚರ. ಒಂದೊಂದನ್ನೇ ನೋಡಿದರೆ ಗಾಬರಿಯಾಗುವಂಥದ್ದೇನಿಲ್ಲ, ರೌಂಡ್ಸಿನಲ್ಲಿ ಜ್ವರ ಇದೆಯಲ್ಲ ಎಂದು ಮುಂದೆ ಹೋಗಿಬಿಡಬಹುದು. ಕೂಡಿಸಿದರೆ 2, 1, 1, 1, 1, ಒಟ್ಟು 6. ನಾಲ್ಕು ಗಂಟೆಯ ಮೇಲೆ ಉಸಿರು 26, ಬಿಪಿ 98, ನಾಡಿ 116 ಆಗಿದೆ. ಆಮ್ಲಜನಕ ಹಚ್ಚಿದ್ದರಿಂದ ಸ್ಯಾಚುರೇಷನ್ 94ರಲ್ಲಿ ನಿಂತಿದೆ, ಜ್ವರ ಹಾಗೇ ಇದೆ. ಈಗ ಅಂಕ 11. ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿ ಹೆಚ್ಚುಕಡಿಮೆ ಅಲ್ಲೇ ಇದ್ದರೂ ಅದನ್ನು ಅಲ್ಲಿ ನಿಲ್ಲಿಸಲು ಆಮ್ಲಜನಕ ಬೇಕಾಯಿತು ಎಂಬುದನ್ನು ಪಟ್ಟಿ ಮರೆಯುವುದಿಲ್ಲ. ನನ್ನ ಎಣಿಕೆಯಲ್ಲಿ ಈ ಪಟ್ಟಿಯ ಜಾಣತನವೆಲ್ಲ ಆ ಎರಡು ಅಂಕಗಳಲ್ಲಿದೆ.

ಪಟ್ಟಿಯ ಕುರುಡುತಾಣಗಳೂ ಉಂಟು. ಬಿಪಿಗೆಂದು ಬೀಟಾ-ಬ್ಲಾಕರ್ ಮಾತ್ರೆ ನುಂಗುವವರ ನಾಡಿ ನಂಜು ಏರಿದರೂ ಓಡುವುದಿಲ್ಲ. ಪ್ಯಾರಾಸಿಟಮಾಲ್, ಸ್ಟೀರಾಯ್ಡ್ ತೆಗೆದುಕೊಂಡವರ ಜ್ವರ ಮುಚ್ಚಿಹೋಗುತ್ತದೆ. ಮುದುಕರಲ್ಲಿ ಜ್ವರವೇ ಬಾರದೆ ಸುಮ್ಮನೆ ಊಟ ಬಿಟ್ಟು ಮಂಕಾಗುವುದೇ ಮೊದಲ ಚಿಹ್ನೆಯಾಗಬಹುದು. ಯಾವಾಗಲೂ 170 ಬಿಪಿ ಇರುವವರಿಗೆ 115 ಎಂದರೆ ಕುಸಿತ, ಪಟ್ಟಿಯಲ್ಲಿ ಅದಕ್ಕೆ ಸೊನ್ನೆ. ಹದಿನಾರು ತುಂಬದ ಮಕ್ಕಳಿಗೂ ಗರ್ಭಿಣಿಯರಿಗೂ ನ್ಯೂಸ್ ಬಳಸುವಂತಿಲ್ಲ. ಅವರಿಗೆ ಬೇರೆ ಪಟ್ಟಿಗಳಿವೆ. ಮಕ್ಕಳ ಪಟ್ಟಿಯೊಂದನ್ನು ಏಳು ದೇಶಗಳ 21 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದಾಗ ಒಟ್ಟು ಸಾವಿನ ಪ್ರಮಾಣದಲ್ಲಿ ಇಳಿಕೆ ಕಾಣಲಿಲ್ಲ. ಆಫ್ರಿಕಾದ ಸಹಾರಾ ದಕ್ಷಿಣದ ದೇಶಗಳ ರೋಗಿಗಳ ಮಾಹಿತಿಯಿಂದ 2017ರಲ್ಲಿ ಕಟ್ಟಿದ ಯುವಿಎ ಎಂಬ ಅಂಕದಲ್ಲಿ ಎಚ್‌ಐವಿ ಸೋಂಕಿಗೂ ಸ್ಥಾನವಿದೆ. ಅಲ್ಲಿಯ ವಾರ್ಡುಗಳಲ್ಲಿ ಅದನ್ನು ಬಿಟ್ಟು ಸಾವನ್ನು ಊಹಿಸಲಾಗದು. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಸಾವಿರಾರು ಒಳರೋಗಿಗಳ ದಾಖಲೆಯಿಂದ 4ಸಿ ಎಂಬ ಅಂಕ ಬಂತು, ಅದರಲ್ಲಿ ವಯಸ್ಸಿಗೇ ಎಲ್ಲಕ್ಕಿಂತ ಹೆಚ್ಚು ತೂಕ.

ಉಸಿರನ್ನು ಎಣಿಸುವವರು ಯಾರು

ಎಲ್ಲ ಅಂಕಪಟ್ಟಿಗಳ ಬೆನ್ನೆಲುಬು ಉಸಿರಾಟದ ವೇಗ. ಅತ್ಯಂತ ಕೆಟ್ಟದಾಗಿ ದಾಖಲಾಗುವುದೂ ಅದೇ. ಬಿಪಿಗೆ ಯಂತ್ರವಿದೆ, ನಾಡಿಗೂ ಸ್ಯಾಚುರೇಷನ್ನಿಗೂ ಸೇರಿ ಒಂದು ಕ್ಲಿಪ್ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಉಸಿರನ್ನು ಮಾತ್ರ ರೋಗಿಯ ಎದೆ ನೋಡುತ್ತ ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಬೇಕು. ಮೂವತ್ತು ರೋಗಿಗಳ ವಾರ್ಡಿನಲ್ಲಿ ಅದು ಅರ್ಧ ಗಂಟೆಯ ಬರಿಯ ಎಣಿಕೆ. ಆದ್ದರಿಂದ ಚಾರ್ಟುಗಳಲ್ಲಿ 16, 18, 20 ಎಂಬ ಸಮಸಂಖ್ಯೆಗಳು ಸಾಲಾಗಿ ನಿಂತಿರುತ್ತವೆ. ವಿವಿಧ ದೇಶಗಳ ಅಧ್ಯಯನಗಳು ಈ ಗುಂಪುಗೂಡುವಿಕೆಯನ್ನು ಮತ್ತೆ ಮತ್ತೆ ತೋರಿಸಿವೆ. 2008ರಲ್ಲಿ ಆಸ್ಟ್ರೇಲಿಯಾದ ಮಿಶೆಲ್ ಕ್ರೆಟಿಕೋಸ್ ಮತ್ತು ಸಹಲೇಖಕರು ಉಸಿರಾಟದ ವೇಗವನ್ನು ನಿರ್ಲಕ್ಷಿತ ಜೀವಚಿಹ್ನೆ ಎಂದೇ ಕರೆದರು. ಇದನ್ನು ನರ್ಸುಗಳ ಸೋಮಾರಿತನವೆಂದು ಬಗೆಯುವುದು ಅನ್ಯಾಯ. ಲಿಂಡಾ ಐಕನ್ ಅವರ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಶಸ್ತ್ರಚಿಕಿತ್ಸೆಯ ರೋಗಿಗಳ ದಾಖಲೆ ನೋಡಿ 2002ರಲ್ಲಿ ಹೇಳಿದ್ದಿಷ್ಟು: ಒಬ್ಬ ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ ಮೂವತ್ತು ದಿನಗಳೊಳಗಿನ ಸಾವಿನ ಸಂಭವ ಸುಮಾರು 7 ಪ್ರತಿಶತದಷ್ಟು ಏರುತ್ತದೆ.

ಯಂತ್ರಗಳಿಂದ ಈ ಕೆಲಸ ಮಾಡಿಸುವ ಯತ್ನಗಳೂ ನಡೆದಿವೆ. ಅಮೆರಿಕದ ಡಾರ್ಟ್‌ಮತ್‌ನಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ವಾರ್ಡಿನ ಎಲ್ಲ ರೋಗಿಗಳಿಗೂ ನಿರಂತರ ಪಲ್ಸ್ ಆಕ್ಸಿಮೀಟರ್ ಹಾಕಿ ಅಲಾರ್ಮನ್ನು ನೇರ ನರ್ಸಿನ ಪೇಜರಿಗೆ ಜೋಡಿಸಿದರು. ಐಸಿಯುಗೆ ಸಾಗಿಸುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತೆಂದು 2010ರ ವರದಿ ಹೇಳುತ್ತದೆ. ನೋವಿಗೆ ಕೊಡುವ ಅಫೀಮು ವರ್ಗದ ಔಷಧಿಗಳು ನಿದ್ದೆಯಲ್ಲಿ ಉಸಿರನ್ನು ಅಡಗಿಸುವುದರಿಂದ ಅಂಥ ವಾರ್ಡಿನಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಬೆಂಗಳೂರಿನ ಡೋಜಿ ಕಂಪನಿ ಹಾಸಿಗೆಯ ಅಡಿಯಲ್ಲಿ ಇಡುವ ಸೆನ್ಸರ್ ಹಾಳೆಯೊಂದನ್ನು ತಯಾರಿಸುತ್ತದೆ. ಪ್ರತಿ ಬಡಿತಕ್ಕೂ ಪ್ರತಿ ಉಸಿರಿಗೂ ಮೈಯಲ್ಲಿ ಏಳುವ ಸೂಕ್ಷ್ಮ ಅದುರನ್ನು ಅದು ಹಿಡಿಯುತ್ತದೆ, ಮೈಗೆ ತಂತಿ ಅಂಟಿಸಬೇಕಿಲ್ಲ. ಇಂಥ ಸಾಧನಗಳಿಂದ ವಾರ್ಡಿನಲ್ಲೂ ಉಸಿರಿನ ಗೆರೆ ಎಡೆಬಿಡದೆ ಸಿಗುತ್ತದೆ. ಅಲಾರ್ಮ್ ಕೂಗಿದಾಗ ಎದ್ದು ಹೋಗುವ ಕಾಲುಗಳು ಎಷ್ಟಿವೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಪಲ್ಸ್ ಆಕ್ಸಿಮೀಟರಿನ ಬಗ್ಗೆ ಇನ್ನೊಂದು ಎಚ್ಚರ ಬೇಕು. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುವ ಯಂತ್ರ. ಮೈಕಲ್ ಶೋಡಿಂಗ್ ಮತ್ತಿತರರು 2020ರಲ್ಲಿ ಅಮೆರಿಕದ ರೋಗಿಗಳಲ್ಲಿ ಕಂಡಂತೆ, ಯಂತ್ರ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತಪರೀಕ್ಷೆಯಲ್ಲಿ ಸ್ಯಾಚುರೇಷನ್ 88ಕ್ಕಿಂತ ಕೆಳಗಿದ್ದದ್ದು ಕಪ್ಪು ಜನರ 11.7 ಪ್ರತಿಶತ ಅಳತೆಗಳಲ್ಲಿ, ಬಿಳಿಯರ 3.6 ಪ್ರತಿಶತದಲ್ಲಿ. ಕಪ್ಪು ಮೈಬಣ್ಣದವರೇ ಹೆಚ್ಚಿರುವ ನಮ್ಮ ವಾರ್ಡುಗಳಲ್ಲಿ ಈ ಅಂಕಿಯನ್ನು ಕಣ್ಣುಮುಚ್ಚಿ ನಂಬಿ ಅಂಕ ಕೂಡಿಸುವುದು ಸರಿಯಲ್ಲ.

ಶಸ್ತ್ರಚಿಕಿತ್ಸೆಯ ನಂತರ

ಆಪರೇಷನ್ ಎಂದರೆ ಜನರಿಗೆ ಭಯವಿರುವುದು ಥಿಯೇಟರಿನ ಬಾಗಿಲ ಒಳಗಿನ ಹೊತ್ತಿನ ಬಗ್ಗೆ. ಬೆಂಗಳೂರಿನ ಸೇಂಟ್ ಜಾನ್ಸ್ ಸೇರಿದಂತೆ 14 ದೇಶಗಳ 28 ಕೇಂದ್ರಗಳಲ್ಲಿ ನಡೆದ ವಿಷನ್ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಹೃದಯದ್ದಲ್ಲದ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 40,000 ಜನರಲ್ಲಿ ಮೂವತ್ತು ದಿನಗಳೊಳಗೆ ತೀರಿಕೊಂಡವರು 1.8 ಪ್ರತಿಶತ. ಆ ಸಾವುಗಳಲ್ಲಿ ಥಿಯೇಟರಿನೊಳಗೆ ಆದದ್ದು ನೂರಕ್ಕೆ ಒಂದೂ ಇಲ್ಲ, ಸುಮಾರು 70 ಪ್ರತಿಶತ ಆಪರೇಷನ್ ಮುಗಿದು ಆಸ್ಪತ್ರೆಯಲ್ಲೇ ಇದ್ದಾಗ, ಉಳಿದದ್ದು ಮನೆಗೆ ಹೋದ ಮೇಲೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಅನ್ನು ಇದೇ ಅಧ್ಯಯನದಲ್ಲಿ ಅಳೆದಾಗ, ಎದೆನೋವಿನ ಸುಳಿವೇ ಇಲ್ಲದೆ ಅದು ಏರಿದವರಲ್ಲೂ ಸಾವಿನ ಸಂಭವ ಹೆಚ್ಚಿತ್ತು. ನೋವಿನ ಔಷಧಿಯ ಮಂಪರಿನಲ್ಲಿರುವವರು ಎದೆ ಹಿಡಿದಿದೆ ಎಂದು ಹೇಳಲಾರರು.

ಅಮಿರ್ ಘಫೇರಿ, ಜಾನ್ ಬರ್ಕ್‌ಮೇಯರ್, ಜಸ್ಟಿನ್ ಡಿಮಿಕ್ ಅವರ 2009ರ ಲೆಕ್ಕ ಈ ಕ್ಷೇತ್ರದ ಬಹುಮುಖ್ಯ ಸಂಗತಿಯೆಂದು ನನಗೆ ತೋರುತ್ತದೆ. ಅಮೆರಿಕದ ಆಸ್ಪತ್ರೆಗಳನ್ನು ಸಾವಿನ ಪ್ರಮಾಣದಂತೆ ಐದು ಗುಂಪು ಮಾಡಿದಾಗ ಅತಿ ಕಡಿಮೆಯ ಗುಂಪಿನಲ್ಲಿ 3.5 ಪ್ರತಿಶತ, ಅತಿ ಹೆಚ್ಚಿನದರಲ್ಲಿ 6.9. ಆದರೆ ತೊಡಕುಗಳ ಪ್ರಮಾಣ ಎರಡರಲ್ಲೂ ನಾಲ್ಕನೇ ಒಂದರಷ್ಟು, ಹೆಚ್ಚು ವ್ಯತ್ಯಾಸವಿಲ್ಲ. ದೊಡ್ಡ ತೊಡಕು ಬಂದವರಲ್ಲಿ ಸತ್ತವರು ಮಾತ್ರ ಒಂದು ಕಡೆ 12.5, ಇನ್ನೊಂದು ಕಡೆ 21.4 ಪ್ರತಿಶತ. ಒಳ್ಳೆಯ ಆಸ್ಪತ್ರೆಯಲ್ಲೂ ಹೊಲಿಗೆ ಬಿಡುತ್ತದೆ, ಕೀವಾಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಅದನ್ನು ಬೇಗ ಕಂಡು ಬೇಗ ಕೈಹಾಕುವುದರಲ್ಲಿ ಆಸ್ಪತ್ರೆಗಳು ಬೇರೆಯಾಗುತ್ತವೆ. ಜೆಫ್ರಿ ಸಿಲ್ಬರ್ 1992ರಲ್ಲೇ ಇದನ್ನು ಉಳಿಸಿಕೊಳ್ಳುವಲ್ಲಿನ ವೈಫಲ್ಯ ಎಂದು ಹೆಸರಿಸಿ ಆಸ್ಪತ್ರೆಯ ಗುಣಮಟ್ಟದ ಅಳತೆಯಾಗಿಸಿದ್ದರು.

ಕರೆದರೆ ಬರುವ ತಂಡ

ಮುನ್ಸೂಚನೆಯ ಫಲ ತಂಡದ ಮೇಲೆ ನಿಂತಿದೆ. ಮೆಲ್ಬರ್ನ್ ಬಳಿಯ ಡ್ಯಾಂಡಿನಾಂಗ್ ಆಸ್ಪತ್ರೆಯಲ್ಲಿ ತುರ್ತು ತಂಡ ಬಂದ ಮೇಲೆ ಹೃದಯಸ್ತಂಭನ ಸಾವಿರಕ್ಕೆ 3.77ರಿಂದ 2.05ಕ್ಕೆ ಇಳಿಯಿತೆಂದು 2002ರಲ್ಲಿ ಮೈಕಲ್ ಬ್ಯೂಸ್ಟ್ ವರದಿ ಮಾಡಿದರು. ಉತ್ಸಾಹ ಏರಿತು. ಅಮೆರಿಕದಲ್ಲಿ ಡೊನಾಲ್ಡ್ ಬರ್ವಿಕ್ ಅವರ ಸಂಸ್ಥೆ 2004ರ ಕೊನೆಯಲ್ಲಿ ಆರಂಭಿಸಿದ ಒಂದು ಲಕ್ಷ ಜೀವಗಳ ಅಭಿಯಾನದಲ್ಲಿ ಇಂಥ ತಂಡ ಕಟ್ಟುವುದೂ ಒಂದಾಗಿತ್ತು. 2005ರಲ್ಲಿ ಬಂದ ಮೆರಿಟ್ ಪರೀಕ್ಷೆ ತಣ್ಣೀರೆರಚಿತು. ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ 12ಕ್ಕೆ ತಂಡ, 11ಕ್ಕೆ ಹಳೆಯ ಪದ್ಧತಿ. ಕೊನೆಗೆ ನೋಡಿದರೆ ಹೃದಯಸ್ತಂಭನ, ಅನಿರೀಕ್ಷಿತ ಸಾವು, ಅನಿರೀಕ್ಷಿತ ಐಸಿಯು ಸೇರ್ಪಡೆ ಒಟ್ಟಾಗಿ ಸಾವಿರ ದಾಖಲಾತಿಗೆ 5.31 ಮತ್ತು 5.86, ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ತಂಡವಿದ್ದ ಆಸ್ಪತ್ರೆಗಳಲ್ಲೂ ಮಾನದಂಡ ದಾಟಿದ್ದ ಅನೇಕ ರೋಗಿಗಳಿಗೆ ಯಾರೂ ಕರೆಯೇ ಮಾಡಿರಲಿಲ್ಲ.  ಹಿರಿಯರನ್ನು ಸುಮ್ಮನೆ ಎಬ್ಬಿಸಿದೆ ಎಂದು ಬೈಸಿಕೊಳ್ಳುವ ಅಂಜಿಕೆ ಅಂಕಪಟ್ಟಿಗೆ ಕಾಣುವುದಿಲ್ಲ. ಡ್ಯೂಟಿ ಡಾಕ್ಟರಿಗೆ ರಾತ್ರಿ ಎರಡಕ್ಕೆ ಫೋನ್ ಮಾಡಲು ಹಿಂಜರಿಯುವುದನ್ನು ನಮ್ಮ ಯಾವ ಆಸ್ಪತ್ರೆಯ ಸಿಸ್ಟರನ್ನು ಕೇಳಿದರೂ ಒಪ್ಪಿಕೊಂಡಾರು. ನ್ಯೂಸ್‌ನಂಥ ಪಟ್ಟಿಯ ನಿಜವಾದ ಉಪಕಾರ ಇಲ್ಲಿದೆ. ರೋಗಿ ಯಾಕೋ ಸರಿ ಕಾಣುತ್ತಿಲ್ಲ ಎನ್ನುವ ಕಡೆ ಅಂಕ ಎಂಟು ಸರ್ ಎನ್ನಲು ಅದು ಅಧಿಕಾರ ಕೊಡುತ್ತದೆ.

ಯಂತ್ರಕಲಿಕೆ

ಫ್ಲಾರಿಡಾದ ಸರಸೋಟಾದ ಆಸ್ಪತ್ರೆಯಲ್ಲಿ ತಾಯಿಯನ್ನು ಕಳೆದುಕೊಂಡ ಮೈಕಲ್ ಮತ್ತು ಸ್ಟೀವನ್ ರಾತ್‌ಮನ್ ಸಹೋದರರು, ವಿಜ್ಞಾನ ಮತ್ತು ಎಂಜಿನಿಯರಿಂಗ್ ಹಿನ್ನೆಲೆಯವರು, 26 ಅಂಶಗಳ ರಾತ್‌ಮನ್ ಸೂಚ್ಯಂಕವನ್ನು ರೂಪಿಸಿ 2013ರಲ್ಲಿ ಪ್ರಕಟಿಸಿದರು. ಜೀವಚಿಹ್ನೆ, ರಕ್ತಪರೀಕ್ಷೆಗಳ ಜೊತೆ ನರ್ಸುಗಳು ಪ್ರತಿ ಪಾಳಿಯಲ್ಲಿ ಬರೆಯುವ ಊಟ, ಚರ್ಮ, ಮನಃಸ್ಥಿತಿಯಂಥ ಟಿಪ್ಪಣಿಗಳಿಗೂ ಅದರಲ್ಲಿ ತೂಕವಿದೆ. ಷಿಕಾಗೊ ವಿಶ್ವವಿದ್ಯಾಲಯದ ಮ್ಯಾಥ್ಯೂ ಚರ್ಪೆಕ್, ಡೇನಾ ಎಡೆಲ್ಸನ್ ಐದು ಆಸ್ಪತ್ರೆಗಳ ಸುಮಾರು 2.7 ಲಕ್ಷ ದಾಖಲಾತಿಗಳಿಂದ ಇ-ಕಾರ್ಟ್ ಎಂಬ ಮಾದರಿ ಕಟ್ಟಿದರು. ಇವುಗಳ ಗುಣವನ್ನು ಸಾಮಾನ್ಯವಾಗಿ ಒಂದು ಸಂಖ್ಯೆಯಿಂದ ಹೇಳುತ್ತಾರೆ: ಹದಗೆಟ್ಟವರೊಬ್ಬರು, ಹದಗೆಡದವರೊಬ್ಬರು ಎದುರಿಗಿದ್ದರೆ ಮೊದಲನೆಯವರಿಗೆ ಹೆಚ್ಚು ಅಂಕ ಕೊಡುವ ಸಂಭವ. ನಾಣ್ಯ ಚಿಮ್ಮಿದರೆ 0.5. ಇಪ್ಪತ್ನಾಲ್ಕು ಗಂಟೆಯೊಳಗಿನ ಸಾವಿಗೆ ಕಾಗದದ ನ್ಯೂಸ್ ಪಟ್ಟಿಯೇ ಅದನ್ನು ಕಟ್ಟಿದ ನಾಡಿನಲ್ಲಿ 0.89ರ ಸುಮಾರು ಕೊಟ್ಟಿತ್ತು.

ಆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಆದರೆ ವಾರ್ಡಿನಲ್ಲಿ ಹದಗೆಡುವವರೇ ವಿರಳ. ಸಾವಿರ ರೋಗಿಗಳಲ್ಲಿ 20 ಜನ ಹದಗೆಡುತ್ತಾರೆಂದುಕೊಳ್ಳೋಣ. ಅವರಲ್ಲಿ ನೂರಕ್ಕೆ 80ನ್ನು ಹಿಡಿಯುವ, ಉಳಿದವರಲ್ಲಿ ನೂರಕ್ಕೆ 90ನ್ನು ಸರಿಯಾಗಿ ಬಿಡುವ ಮಾದರಿ ಇದ್ದರೂ ಕೂಗುವುದು 114 ಬಾರಿ, ಅದರಲ್ಲಿ ನಿಜವಾದದ್ದು 16. ಏಳರಲ್ಲಿ ಆರು ಸುಳ್ಳು ಕರೆ. ಮೂರನೇ ರಾತ್ರಿಯ ಹೊತ್ತಿಗೆ ಯಾರೂ ತಿರುಗಿಯೂ ನೋಡುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಎಪಿಕ್ ಕಂಪನಿಯ ನಂಜಿನ ಮುನ್ಸೂಚನಾ ಮಾದರಿಯನ್ನು ಹೊರಗಿನಿಂದ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದಾಗ ಅದರ ಸಂಖ್ಯೆ 0.63 ಮಾತ್ರ ಬಂತು. ಒಳರೋಗಿಗಳಲ್ಲಿ 18 ಪ್ರತಿಶತಕ್ಕೆ ಅಲಾರ್ಮ್ ಕೊಟ್ಟೂ ನಂಜಾದವರಲ್ಲಿ ಮೂರರಲ್ಲಿ ಎರಡು ಪಾಲನ್ನು ಅದು ಬಿಟ್ಟಿತ್ತು. ನೂರಾರು ಆಸ್ಪತ್ರೆಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಮಾದರಿ ಅದು. ಕಾಗದದ ಪಟ್ಟಿಗಳೂ ಇದಕ್ಕಿಂತ ಶಿಸ್ತಿನಿಂದ ಹುಟ್ಟಿಲ್ಲ. ಮುನ್ನೆಚ್ಚರಿಕೆ ಅಂಕಗಳ ಕುರಿತ 95 ಬರಹಗಳನ್ನು ಸ್ಟೀಫನ್ ಗೆರಿ ಮತ್ತಿತರರು 2020ರಲ್ಲಿ ಪರಿಶೀಲಿಸಿ, ಹೆಚ್ಚಿನವುಗಳ ಸಂಖ್ಯಾಶಾಸ್ತ್ರೀಯ ವಿಧಾನ ಕಳಪೆಯೆಂದರು.

ಮಾದರಿಗಳು ದಾಖಲೆಯಿಂದ ಏನನ್ನು ಕಲಿಯುತ್ತವೆ ಎಂಬುದು ಇನ್ನೂ ಸೂಕ್ಷ್ಮ. ನ್ಯುಮೋನಿಯಾ ರೋಗಿಗಳ ಹಳೆಯ ಅಮೆರಿಕನ್ ದತ್ತಾಂಶದಲ್ಲಿ ಅಸ್ತಮಾ ಇರುವವರಿಗೆ ಸಾವಿನ ಅಪಾಯ ಕಡಿಮೆ ಎಂದು ಯಂತ್ರ ಕಲಿತದ್ದನ್ನು ರಿಚ್ ಕರುವಾನಾ ವಿವರಿಸಿದ್ದಾರೆ. ಅಸ್ತಮಾ ಇದೆ ಎಂದೊಡನೆ ಅವರನ್ನು ನೇರ ಐಸಿಯುಗೆ ಕಳಿಸಿ ಕಾಪಾಡಿದ್ದರು, ಯಂತ್ರ ಆ ಕಾಪಾಡಿಕೆಯನ್ನು ರೋಗದ ಗುಣವೆಂದು ತಿಳಿಯಿತು. ಡೆನಿಸ್ ಅಗ್ನಿಯಲ್, ಐಸಾಕ್ ಕೊಹಾನೆ, ಗ್ರಿಫಿನ್ ವೆಬರ್ 2018ರಲ್ಲಿ ಬಾಸ್ಟನ್ನಿನ ಎರಡು ಆಸ್ಪತ್ರೆಗಳ ಆರೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಯಲ್ಲಿ ಮತ್ತೊಂದು ಸ್ವಾರಸ್ಯ ಕಂಡರು. ರೋಗಿ ಬದುಕುಳಿಯುವುದನ್ನು ಊಹಿಸಲು ಅನೇಕ ರಕ್ತಪರೀಕ್ಷೆಗಳ ಫಲಿತಾಂಶಕ್ಕಿಂತ ಆ ಪರೀಕ್ಷೆಯನ್ನು ಎಷ್ಟು ಹೊತ್ತಿಗೆ ಬರೆದುಕೊಟ್ಟರು ಎಂಬುದೇ ಹೆಚ್ಚು ಉಪಯೋಗಕ್ಕೆ ಬಂತು. ನಡುರಾತ್ರಿ ಮೂರಕ್ಕೆ ಬಿಳಿ ರಕ್ತಕಣ ಎಣಿಸಲು ಹೇಳಿದ್ದಾರೆಂದರೆ ಯಾರೋ ಹಾಸಿಗೆಯ ಬಳಿ ನಿಂತು ಚಿಂತೆಗೆ ಬಿದ್ದಿದ್ದಾರೆ ಎಂದೇ ಅರ್ಥ. ಕೊಲಂಬಿಯಾ ವಿಶ್ವವಿದ್ಯಾಲಯದ ಸಾರಾ ರೊಸೆಟ್ಟಿ ಈ ಸುಳಿವನ್ನೇ ಹಿಡಿದು, ನರ್ಸುಗಳು ಎಷ್ಟು ಸಲ ಅಳತೆ ತೆಗೆದರು, ಯಾವಾಗ ಹೆಚ್ಚುವರಿ ಟಿಪ್ಪಣಿ ಬರೆದರು ಎಂಬ ಜಾಡಿನಿಂದ ಅಪಾಯ ಊಹಿಸುವ ಕನ್ಸರ್ನ್ ವ್ಯವಸ್ಥೆ ಕಟ್ಟಿದರು. ಕೃತಕ ಬುದ್ಧಿಮತ್ತೆ ಎಂದು ನಾವು ಬೆರಗಾಗುವುದರಲ್ಲಿ ಎಷ್ಟೋ ಪಾಲು ಈ ದಾಖಲಾದ ಕಳವಳವೇ. ಅನುಭವಿ ನರ್ಸುಗಳನ್ನು ಕಡಿಮೆ ಮಾಡಿ ಮಾದರಿಯನ್ನು ತರುವ ಆಡಳಿತ, ಮಾದರಿ ಓದುವ ಪುಟವನ್ನೇ ಹರಿದಂತೆ.

ಫಲ ಕೊಟ್ಟ ಉದಾಹರಣೆಗಳಲ್ಲಿ ತಂಡದ ವ್ಯವಸ್ಥೆ ಯಂತ್ರದಷ್ಟೇ ಗಟ್ಟಿಯಾಗಿದೆ. ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳಲ್ಲಿ ಗೇಬ್ರಿಯಲ್ ಎಸ್ಕೊಬಾರ್ ರೂಪಿಸಿದ ವ್ಯವಸ್ಥೆ ಹನ್ನೆರಡು ಗಂಟೆ ಮುಂಚಿತವಾಗಿ ಸೂಚನೆ ಕೊಡುತ್ತದೆ. ಸೂಚನೆ ಮೊದಲು ದೂರದ ಕೇಂದ್ರದಲ್ಲಿ ಕುಳಿತ ಅನುಭವಿ ನರ್ಸುಗಳಿಗೆ ಹೋಗುತ್ತದೆ, ಅವರು ದಾಖಲೆ ನೋಡಿ ನಿಜವೆನಿಸಿದರೆ ವಾರ್ಡಿನ ತಂಡಕ್ಕೆ ಫೋನ್ ಮಾಡುತ್ತಾರೆ. 2020ರ ವರದಿಯಂತೆ ಸೂಚನೆಯ ಗೆರೆ ದಾಟಿದ ರೋಗಿಗಳಲ್ಲಿ ಮೂವತ್ತು ದಿನಗಳ ಸಾವು 20.4ರಿಂದ 15.8 ಪ್ರತಿಶತಕ್ಕೆ ಇಳಿದಿತ್ತು. ಟೊರಾಂಟೊದ ಸೇಂಟ್ ಮೈಕಲ್ಸ್ ಆಸ್ಪತ್ರೆಯಲ್ಲಿ ಚಾರ್ಟ್‌ವಾಚ್ ಎಂಬ ಮುನ್ಸೂಚನಾ ವ್ಯವಸ್ಥೆ ಬಂದ ಮೇಲೆ ಒಳವೈದ್ಯಕೀಯ ವಾರ್ಡಿನ ಅನಿರೀಕ್ಷಿತ ಸಾವುಗಳು 2.1ರಿಂದ 1.6 ಪ್ರತಿಶತಕ್ಕೆ ಬಂದವೆಂದು 2024ರಲ್ಲಿ ಪ್ರಕಟವಾಯಿತು. ಎರಡೂ ಹಿಂದು-ಮುಂದಿನ ಅಥವಾ ಅಕ್ಕಪಕ್ಕದ ಹೋಲಿಕೆಗಳೇ ಹೊರತು ಚೀಟಿ ಎತ್ತಿ ಹಂಚಿದ ಪರೀಕ್ಷೆಗಳಲ್ಲ ಎಂಬುದನ್ನು ನೆನಪಿಡಬೇಕು.

ಮನೆಯವರ ಕಣ್ಣು

ನಮ್ಮ ವಾರ್ಡುಗಳಲ್ಲಿ ಪ್ರತಿ ಹಾಸಿಗೆಯ ಪಕ್ಕದಲ್ಲೂ ಮನೆಯವರೊಬ್ಬರು ಇರುತ್ತಾರೆ, ನೆಲದ ಮೇಲೆ ಚಾಪೆ ಹಾಸಿಕೊಂಡಾದರೂ. ರಾತ್ರಿಯಿಡೀ ರೋಗಿಯನ್ನು ನೋಡುವವರು ಅವರೇ. ಅಪ್ಪ ಏನೇನೋ ಬಡಬಡಿಸುತ್ತಿದ್ದಾರೆ, ಕೈಕಾಲು ತಣ್ಣಗಿದೆ, ಸಂಜೆಯಿಂದ ಮೂತ್ರವೇ ಆಗಿಲ್ಲ ಎಂದು ಅವರು ಹೇಳುವ ಮಾತಿಗೆ ಯಾವ ಚಾರ್ಟಿನಲ್ಲೂ ಅಂಕಣವಿಲ್ಲ. ಪಶ್ಚಿಮದ ದೇಶಗಳು ಈ ಕಣ್ಣನ್ನು ನಿಯಮದ ಬಾಗಿಲಿನಿಂದ ಒಳಕ್ಕೆ ಕರೆಯುತ್ತಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಯನ್ ನಿಯಮ, ಇಂಗ್ಲೆಂಡಿನಲ್ಲಿ 2024ರಿಂದ ಹಂತಹಂತವಾಗಿ ಬಂದ ಮಾರ್ಥಾ ನಿಯಮ, ಎರಡೂ ಹೆತ್ತವರ ಆತಂಕಕ್ಕೆ ಕಿವಿಗೊಡದೆ ಮಕ್ಕಳು ತೀರಿಕೊಂಡ ಪ್ರಕರಣಗಳಿಂದ ಹುಟ್ಟಿದವು. ರೋಗಿಯ ಕಡೆಯವರು ಚಿಕಿತ್ಸೆ ನೀಡುತ್ತಿರುವ ತಂಡವನ್ನು ದಾಟಿ ಇನ್ನೊಂದು ತಂಡದ ತುರ್ತು ಪರಿಶೀಲನೆ ಕೇಳುವ ಹಕ್ಕನ್ನು ಇವು ಕೊಡುತ್ತವೆ.

ಅಂಕ ಏರಿತೆಂದು ಬಂದ ತಂಡ ಯಾವಾಗಲೂ ರೋಗಿಯನ್ನು ಐಸಿಯುಗೇ ಒಯ್ಯುವುದಿಲ್ಲ. ಹಲವು ದೇಶಗಳ ಆಸ್ಪತ್ರೆಗಳನ್ನು ಒಟ್ಟಿಗೆ ನೋಡಿದ ಅಧ್ಯಯನವೊಂದರಲ್ಲಿ ಇಂಥ ಕರೆಗಳ ಸುಮಾರು ಮೂರನೇ ಒಂದು ಪಾಲಿನಲ್ಲಿ ಜೀವದ ಕೊನೆಯ ಹಂತದ ಪ್ರಶ್ನೆಗಳೇ ಎದುರಾಗಿದ್ದವು. ಹರಡಿದ ಕ್ಯಾನ್ಸರಿನ ರೋಗಿಗೆ ವೆಂಟಿಲೇಟರ್ ಬೇಕೇ ಎಂದು ಆ ತನಕ ಯಾರೂ ಮನೆಯವರೊಂದಿಗೆ ಕುಳಿತು ಮಾತಾಡಿರದೆ ಇರಬಹುದು. ಐಸಿಯು ಎಂದರೆ ದಿನಕ್ಕೆ ಸಾವಿರಾರು ರೂಪಾಯಿ ಕೈಯಿಂದ ಕಟ್ಟಬೇಕಾದ, ಹೊಲ-ಒಡವೆ ಅಡವಿಡಬೇಕಾದ ನಮ್ಮಲ್ಲಿ ಈ ಮಾತು ಇನ್ನೂ ಮುಂಚೆ ಆಗಬೇಕು. ಏಳು ಅಂಕದ ಕರೆ ಬಂದಾಗ ಡ್ಯೂಟಿ ಡಾಕ್ಟರ್ ಮೊದಲು ಆಮ್ಲಜನಕ, ಸಲೈನ್, ಆ್ಯಂಟಿಬಯೋಟಿಕ್ ಶುರು ಮಾಡುತ್ತಾರೆ. ಆಮೇಲೆ ಕಾರಿಡಾರಿನಲ್ಲಿ ನಿಂತಿರುವ ಮಗನನ್ನೋ ಸೊಸೆಯನ್ನೋ ಕರೆದು, ರೋಗಿ ಸ್ವತಃ ಏನು ಬಯಸಿದ್ದರು ಎಂದು ಕೇಳಬೇಕಾಗುತ್ತದೆ.